ಹಿಲ್ಡಾಳ ಹುಲ್ಲುಗಾವಲಿನಲ್ಲಿ ದೇವರಿಲ್ಲ

ಮಾನ್ಯ ಕೌಂಟಿ ಪ್ರಾಚ್ಯವಸ್ತು ಅಧಿಕಾರಿಗಳೇ,

ನಮ್ಮ ಸ್ಕೆಲ್ಬಿ ಗ್ರಾಮದ ಹಿಲ್ಡಾ ಆಡ್ಲಿಂಗ್ ಅವರ ಹುಲ್ಲುಗಾವಲಿನಲ್ಲಿ ಎರಡು ಸಾವಿರ ವರ್ಷಗಳ ಹಿಂದೆ ಜನ ಸುತ್ತ ನಿಂತು ದೇವರನ್ನು ಪೂಜಿಸುತ್ತಿದ್ದರೆಂದು ತಾವು ಸರ್ಕಾರಿ ದಾಖಲೆಯಲ್ಲಿ ಬರೆದಿದ್ದೀರಿ. ಪೂಜಿಸುತ್ತಿರಲಿಲ್ಲ. ಅಲ್ಲಿ ಸಿಕ್ಕ ಕಬ್ಬಿಣದ ತುಂಡುಗಳನ್ನು ಹೂತವರು ಯಾರು, ಏಕೆ ಹೂತರು ಎಂಬುದು ಈಗ ನನಗೆ ಗೊತ್ತಿದೆ. ತಮಗೂ ಹೇಳಿದೆ, ತಾವು ಕೇಳಲಿಲ್ಲ. ಆದ್ದರಿಂದ ಇಡೀ ಕೌಂಟಿಗೆ ಕೇಳಿಸುವಂತೆ ಪತ್ರಿಕೆಯಲ್ಲಿ ಹೇಳುತ್ತಿದ್ದೇನೆ. ತಾವು ಸೃಷ್ಟಿಸಿದ ಆ ದೇವರಿಂದಾಗಿ ಹಿಲ್ಡಾ ಕಟ್ಟಬೇಕೆಂದಿದ್ದ ಕುರಿಕೊಟ್ಟಿಗೆ ನಿಂತುಹೋಗಿದೆ. ಮಾರ್ಚ್‌ನಲ್ಲಿ ಅವಳ ಕುರಿಗಳು ಈಯುತ್ತವೆ. ಸಮುದ್ರದ ಕಡೆಯಿಂದ ಬೀಸುವ ಆಲಿಕಲ್ಲಿನ ಗಾಳಿಗೆ ಹೋದ ವರ್ಷ ಸತ್ತ ಮರಿಗಳನ್ನು ಕೈಗಾಡಿಯಲ್ಲಿ ತುಂಬಿಕೊಂಡು ಹೋದವರಲ್ಲಿ ನಾನೂ ಒಬ್ಬಳು.

ನನ್ನ ಪರಿಚಯ ತಮಗಿದೆ. ಬಟಾಣಿ ಬಣ್ಣದ ಮಳೆಕೋಟು ಹಾಕಿಕೊಂಡು, ಐಸ್‌ಕ್ರೀಂ ಡಬ್ಬಿಗಳಲ್ಲಿ ತುಕ್ಕು ತುಂಬಿಕೊಂಡು ತಮ್ಮ ಮೇಜಿನ ಮುಂದೆ ನಿಂತವಳು ನಾನೇ. ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬಡಿಸಿ ಬಡಿಸಿ ನಿವೃತ್ತಳಾದ ಮೇಲೆ ಭಾನುವಾರಗಳಲ್ಲಿ ಲೋಹಶೋಧಕ ಯಂತ್ರ ಹಿಡಿದು ಹೊಲ ಸುತ್ತುತ್ತೇನೆ. ತಮ್ಮಂಥ ವಿದ್ವಾಂಸರ ಕಣ್ಣಿಗೆ ನಾವು ಅರ್ಧ ಕಳ್ಳರು, ಅರ್ಧ ಹುಚ್ಚರು. ಹುಚ್ಚಿನ ವಿಷಯದಲ್ಲಿ ನಾನು ವಾದ ಮಾಡುವುದಿಲ್ಲ. ಆದರೆ ನಾನು ಸಿಕ್ಕಿದ್ದನ್ನೆಲ್ಲ ತಂದು ತೋರಿಸಿದೆ, ಅದೇ ನನ್ನ ತಪ್ಪಾಯಿತು.

ಕಬ್ಬಿಣವೆಂದರೆ ನಮ್ಮವರಿಗೆ ಅಷ್ಟಕ್ಕಷ್ಟೇ. ಬೆಳ್ಳಿ ಸಿಕ್ಕರೆ ಯಂತ್ರ ಹಕ್ಕಿಯಂತೆ ಉಲಿಯುತ್ತದೆ, ಕಬ್ಬಿಣ ಸಿಕ್ಕರೆ ಹಂದಿಯಂತೆ ಗುರುಗುಟ್ಟುತ್ತದೆ. ನಮ್ಮ ಹೊಲಗಳಲ್ಲಿ ಅಜ್ಜ ಮುತ್ತಜ್ಜಂದಿರು ಉದುರಿಸಿಹೋದ ಮೊಳೆ, ಸರಪಳಿಗಳಿಗೆ ಲೆಕ್ಕವಿಲ್ಲ. ಹಾಗಾಗಿ ಯಂತ್ರ ಕೊಂಡ ದಿನವೇ ಅದರ ಗುರುಗುಟ್ಟುವ ಬಾಯಿ ಮುಚ್ಚಿಸುವುದು ನಮ್ಮ ಪದ್ಧತಿ. ಅಪ್ಪಿತಪ್ಪಿ ಕಬ್ಬಿಣ ಮೇಲೆ ಬಂದರೆ ಅದನ್ನು ಹೊಲದಲ್ಲಿ ಬಿಡುವಂತಿಲ್ಲ, ಟ್ರ್ಯಾಕ್ಟರಿನ ಟೈರಿಗೆ ಚುಚ್ಚುತ್ತದೆ. ತಂದು ಗೇಟಿನ ಕಂಬಕ್ಕೆ ತೂಗುಹಾಕಬೇಕು. ಮತ್ತು ಹೋಗುವಾಗ ಗೇಟು ಹಾಕಬೇಕು. ಹೊಲಕ್ಕೆ ಬಿಟ್ಟುಕೊಂಡ ರೈತನಿಗೆ ನಾವು ತೋರಿಸುವ ಮರ್ಯಾದೆ ಇವೆರಡೇ. ಎರಡನ್ನೂ ತಾವು ನೆನಪಿಟ್ಟುಕೊಳ್ಳಬೇಕು, ಮುಂದೆ ಕೆಲಸಕ್ಕೆ ಬರುತ್ತವೆ.

ಸೆಪ್ಟೆಂಬರಿನ ಆ ಬೆಳಿಗ್ಗೆ ನನ್ನ ಕೈಯಲ್ಲಿದ್ದದ್ದು ಹೊಸ ಯಂತ್ರ. ಅದರ ಬಾಯಿ ಮುಚ್ಚಿಸುವ ಗುಂಡಿ ಯಾವುದೆಂದು ನನಗೆ ಗೊತ್ತಾಗಲಿಲ್ಲ. ಹುಲ್ಲುಗಾವಲಿನ ಎತ್ತರದ ಮೂಲೆಯಲ್ಲಿ ಅದು ಗುರ್ ಎಂದಿತು. ಅಗೆದೆ. ಬಾಗಿದ ತುದಿಯ ಒಂದು ವಿಚಿತ್ರ ಕಬ್ಬಿಣ. ನಾಲ್ಕು ಹೆಜ್ಜೆ ಆಚೆ ಮತ್ತೆ ಗುರ್, ಇನ್ನೊಂದು ಕಬ್ಬಿಣ, ಬೇರೆ ಆಕಾರ. ಹೀಗೇ ಆರು. ಬಗ್ಗಿದ ಬೆನ್ನು ನೆಟ್ಟಗೆ ಮಾಡಿ ಹಿಂತಿರುಗಿ ನೋಡುತ್ತೇನೆ, ನಾನು ತೋಡಿದ ಗುಂಡಿಗಳು ಬಳ್ಳಿ ಹಿಡಿದು ಎಳೆದಂತೆ ದುಂಡಗೆ ಬಾಗಿವೆ! ನಡುವೆ ಹೋಗಿ ನಿಂತೆ. ಅಲ್ಲೂ ಗುರ್. ಅಲ್ಲಿ ಸಿಕ್ಕಿದ್ದು ಎರಡು ಕೈ ಮೇಲೆತ್ತಿದ ಮನುಷ್ಯನಂತೆ ಕಾಣುವ ಒಂದು ತುಂಡು. ನಿಜ ಹೇಳುತ್ತೇನೆ, ನನಗೆ ಮೈ ಜುಮ್ಮೆಂದಿತು.

ಫ್ಲಾಸ್ಕಿನಲ್ಲಿ ಟೀ ಹಿಡಿದು ಹಿಲ್ಡಾ ಬಂದಳು.

"ಏನೇ ಮಾವಿಸ್, ರಾಣಿ ಕಿರೀಟ ಸಿಕ್ಕಿದೋಳ ಥರ ನಿಂತಿದೀಯ?"

"ಕಬ್ಬಿಣ ಕಣೇ."

"ಕಬ್ಬಿಣಕ್ಕೆ ಇಷ್ಟು ಮುಖ ಅರಳಿಸ್ಕೋತಾರಾ? ನಮ್ಮ ಶೆಡ್ಡಿನ ಹಿಂದಕ್ಕೆ ಬಾ, ಒಂದು ಲಾರಿ ಕೊಡ್ತೀನಿ."

"ತಮಾಷೆ ಬಿಡೇ. ದುಂಡಗೆ ಇಟ್ಟಿದಾರೆ, ನೋಡು. ಒಂದೊಂದೂ ಒಂದೊಂದು ಥರ."

"ಸರಿ, ಟೀ ಕುಡಿ. ಆಮೇಲೆ ನೀನೂ ದುಂಡಗೆ ಸುತ್ತು."

ಅಲ್ಲಿಗೇ ನಿಲ್ಲಿಸಿದೆ. ಏನಾದರೂ ವಿಶೇಷ ಕಂಡರೆ ಅಗೆಯುವುದನ್ನು ನಿಲ್ಲಿಸಿ ತಮ್ಮನ್ನು ಕಾಣಬೇಕೆಂದು ತಮ್ಮದೇ ಸೂಚನೆ ಇದೆಯಲ್ಲ? ವೃತ್ತದ ಉಳಿದರ್ಧ, ಅಂದರೆ ಕೊಳದ ಕಡೆಯದು, ಹಾಗೇ ನೆಲದಲ್ಲಿದೆ. ಅಂದು ವಿಧೇಯಳಾಗದೆ ಪೂರ್ತಿ ಅಗೆದಿದ್ದರೆ ಇಂದು ಈ ಪತ್ರ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ತಾವು ಕೈಗವಸು ತೊಟ್ಟು ಒಂದೊಂದನ್ನೇ ದೀಪದ ಕೆಳಗೆ ತಿರುಗಿಸಿದಿರಿ. "ಒಂದರ ಹಾಗೆ ಇನ್ನೊಂದಿಲ್ಲ," ಎಂದಿರಿ. "ಎಲ್ಲ ಒಂದೇ ಆಳದಲ್ಲಿ, ಅದೂ ವೃತ್ತದಲ್ಲಿ. ಇದಕ್ಕೆ ದಿನಬಳಕೆಯ ಕಾರಣ ಏನೂ ಹೊಳೀತಿಲ್ಲ ಮೇಡಂ."

"ಹಾಗಾದ್ರೆ?"

"ಹಾಗಾದ್ರೆ ಧಾರ್ಮಿಕ."

ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಕ್ಷಕಿರಣ ಪರೀಕ್ಷೆಗೆ ವರ್ಷಗಟ್ಟಲೆ ಸರದಿ ಇದೆಯಂತೆ. ಅದಕ್ಕೆ ಕಾಯದೆ ತಾವು ದಾಖಲೆಗೆ ಬರೆದೇಬಿಟ್ಟಿರಿ: "ಕಬ್ಬಿಣ ಯುಗ. ಬಹುಶಃ ಧಾರ್ಮಿಕ ಬಳಕೆ. ನಡುವಿನದು ಪ್ರಾರ್ಥನೆಯ ಭಂಗಿಯಲ್ಲಿರುವ ಮಾನವಾಕೃತಿ." ನಕ್ಷೆಯಲ್ಲಿ ಹಿಲ್ಡಾಳ ಹುಲ್ಲುಗಾವಲಿನ ಮೇಲೆ ಒಂದು ಕೆಂಪು ಚುಕ್ಕೆ ಬಿತ್ತು.

ಆ ಚುಕ್ಕೆ ಏನು ಮಾಡಿತು ಗೊತ್ತೇ? ಹಿಲ್ಡಾಳ ಜಮೀನಿನಲ್ಲಿ ನೀರು ನಿಲ್ಲದ ಜಾಗ ಆ ಎತ್ತರದ ಮೂಲೆಯೊಂದೇ. ಕುರಿಗಳು ಈಯಲು ಅಲ್ಲೊಂದು ಕೊಟ್ಟಿಗೆ ಕಟ್ಟುತ್ತೇನೆಂದು ಅವಳು ಅರ್ಜಿ ಹಾಕಿದ್ದಳು, ಅನುಮತಿ ಇನ್ನೇನು ಕೈಗೆ ಬರುವುದರಲ್ಲಿತ್ತು. ಚುಕ್ಕೆ ಕಂಡ ಕಟ್ಟಡ ವಿಭಾಗದವರು, ಮೊದಲು ಶಾಸ್ತ್ರೋಕ್ತ ಉತ್ಖನನ ಆಗಬೇಕು, ಅದರ ಖರ್ಚು ಜಮೀನಿನವರದು, ಅಲ್ಲಿಯವರೆಗೆ ಒಂದು ಗೂಟವನ್ನೂ ನೆಡುವಂತಿಲ್ಲ ಎಂದರು. ಕುರಿ ಸಾಕುವವಳು ವಿಶ್ವವಿದ್ಯಾಲಯವನ್ನು ಬಾಡಿಗೆಗೆ ತರಬೇಕಂತೆ. ತರಲು ಅವಳಿಗೆ ಸಾಧ್ಯವಿದೆಯೇ ಎಂದು ತಾವು ಯಾರಾದರೂ ಒಮ್ಮೆಯಾದರೂ ಕೇಳಿದಿರಾ?

ಹಿಲ್ಡಾ ನನ್ನ ಮೇಲೆ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಗೇಟಿನ ಮೇಲೆ ಕೈಯಿಟ್ಟು ನಿಂತು, "ನಿನ್ನ ಮೇಲೆ ಕೋಪ ಇಲ್ಲ ಮಾವಿಸ್. ಆದ್ರೆ ಇನ್ಮೇಲೆ ಈ ಗೇಟು ದಾಟ್ಬೇಡ," ಎಂದಳು. ಅವಳು, ನಾನು ಒಂದೇ ಬೆಂಚಿನಲ್ಲಿ ಕೂತು ಓದಿದವರು. ಮನೆಗೆ ಬಂದು ಅತ್ತೆ.

ಈಗ ತಮ್ಮ ತರ್ಕದ ಬಗ್ಗೆ ಎರಡು ಮಾತು. ಏನಕ್ಕೆಂದು ನನಗೆ ತಿಳಿಯದು, ಆದ್ದರಿಂದ ಅದು ದೇವರಿಗೆ: ಇದೇ ತಾನೇ ತಮ್ಮ ಸಿದ್ಧಾಂತ? ಹಾಗಾದರೆ ಮುಂದೆಂದಾದರೂ ನನ್ನ ಅಡುಗೆಮನೆಯನ್ನು ಅಗೆಯುವವರ ಗತಿಯೇನು? ಆಲೂಗಡ್ಡೆ ಹಿಸುಕುವ ಸಲಕರಣೆಯ ತೂತುಗಳನ್ನು ಎಣಿಸಿ ನಕ್ಷತ್ರಗಳಿಗೆ ತಾಳೆ ಹಾಕುತ್ತಾರೆ. ನನ್ನ ಕಸ್ಟರ್ಡ್ ಸೌಟು ಮಳೆದೇವತೆಯ ಕೈಯಾಗುತ್ತದೆ. ನನ್ನ ಗಂಡ ಮೂರು ಸಲ ತಂದು ಒಂದು ಸಲವೂ ಬಳಸದ ಡಬ್ಬಿ ತೆರೆಯುವ ಯಂತ್ರಕ್ಕೆ ಪ್ರತ್ಯೇಕ ಪಂಥವೇ ಹುಟ್ಟುತ್ತದೆ. ನಮ್ಮ ಪೂರ್ವಿಕರಿಗೆ ಪೂಜೆ ಬಿಟ್ಟು ಬೇರೆ ಕಸುಬೇ ಇರಲಿಲ್ಲವೇ? ಅವರಲ್ಲಿ ಒಬ್ಬರೂ ಏನನ್ನೂ ಎಲ್ಲೋ ಇಟ್ಟು ಮರೆಯಲಿಲ್ಲವೇ? "ಗೊತ್ತಿಲ್ಲ" ಎಂದು ಬರೆಯಲು ತಮ್ಮ ಕಚೇರಿಯಲ್ಲಿ ನಿಷೇಧವಿದೆಯೇ?

ಹೀಗೆ ಕುದಿಯುತ್ತಿದ್ದಾಗ ನಮ್ಮ ಲೋಹಶೋಧಕರ ಸಂಘದ ಭಾನುವಾರದ ಊಟ ಬಂತು. ಪಬ್ಬಿನ ಹಿಂಗೋಣೆಯಲ್ಲಿ ಸುಟ್ಟ ಮಾಂಸ, ಆಲೂಗಡ್ಡೆ. ಕಬ್ಬಿಣದ ದೇವರ ಕಥೆ ಹೇಳಿ, ಫೋಟೋಗಳನ್ನು ಮೇಜಿನ ಸುತ್ತ ಕಳಿಸಿದೆ. ಅವು ಲೆನರ್ಡ್ ಮಾಲ್ಟ್‌ಬಿಯ ಕೈಗೆ ಹೋದವು. ಸಂಘ ಕಟ್ಟಿದ ಕಾಲದಿಂದ ಇರುವ ಹಿರಿಯ ಅವನು. ನೋಡಿದವನೇ ಫೋರ್ಕು ಕೆಳಗಿಟ್ಟ. ಭುಜ ಕುಣಿಯತೊಡಗಿತು. ಗಂಟಲಿಗೆ ಸಿಕ್ಕಿತೇನೋ ಎಂದು ನಾವು ಬೆನ್ನು ತಟ್ಟಿದೆವು.

"ದೇವ್ರಲ್ಲಮ್ಮ ಇದು," ಎಂದ ಕಣ್ಣೊರೆಸಿಕೊಳ್ಳುತ್ತ, "ಸೆಸಿಲ್ಲನ ಗಡಿಯಾರ!"

ಸೆಸಿಲ್ ಡೌಸ್ ನಮ್ಮ ಸಂಘದ ಸ್ಥಾಪಕ ಅಧ್ಯಕ್ಷ, ತೀರಿಕೊಂಡು ಕೆಲವು ವರ್ಷಗಳಾದವು. ಕಬ್ಬಿಣ ಗೇಟಿಗೆ ತೂಗುಹಾಕಿ, ಗೇಟು ಹಾಕಿ ಎಂದು ನಿಯಮ ಮಾಡಿದವನೇ ಅವನು. ಕಬ್ಬಿಣದ ಪಕ್ಕದಲ್ಲೇ ಇರುವ ನಾಣ್ಯವನ್ನು ಯಂತ್ರ ಹಿಡಿಯುತ್ತದೋ ಇಲ್ಲವೋ ಎಂಬುದು ನಮ್ಮವರ ಸದಾಕಾಲದ ತಲೆನೋವು. ಹಿಂದೊಮ್ಮೆ ಹೊಸ ಯಂತ್ರ ಬಂದಾಗ, ಅದನ್ನು ಪರೀಕ್ಷಿಸಲು ಅವನೂ ಲೆನರ್ಡನೂ ಹಿಲ್ಡಾಳ ಅಪ್ಪನ ಗುಜರಿ ರಾಶಿಯಿಂದ ಬಗೆಬಗೆಯ ಕಬ್ಬಿಣ ಆರಿಸಿದರಂತೆ. ಗೇಟಿನ ಕೀಲು, ಹೆಂಟೆ ಒಡೆಯುವ ಹಲುಬೆಯ ಹಲ್ಲು, ಮುರಿದ ಇಕ್ಕಳ, ಉಣ್ಣೆ ಕತ್ತರಿಯ ಅರ್ಧ, ಪಾತ್ರೆ ತೂಗುಹಾಕುವ ಕೊಕ್ಕೆ. ಒಂದರಂತೆ ಇನ್ನೊಂದಿರಬಾರದು, ಇದ್ದರೆ ಪರೀಕ್ಷೆ ಏನು ಬಂತು? ಹುಲ್ಲೆತ್ತುವ ಕವೆಗೋಲಿನ ತಲೆಯನ್ನು ನಡುವೆ ನೆಟ್ಟು, ಅದಕ್ಕೆ ಹಗ್ಗ ಕಟ್ಟಿ, ಸುತ್ತು ಹೊಡೆದು, ಗಡಿಯಾರದ ಅಂಕಿಗಳಂತೆ ಒಂದೊಂದನ್ನೂ ಒಂದೊಂದು ನಾಣ್ಯದ ಜೊತೆ ಹೂತು ಪಕ್ಕಕ್ಕೊಂದು ಗೂಟ ಹೊಡೆದರು. ಪ್ರಾರ್ಥನೆಯ ಭಂಗಿಯಲ್ಲಿರುವ ತಮ್ಮ ಮಾನವಾಕೃತಿ ಹುಲ್ಲು ಎತ್ತುತ್ತಿತ್ತು, ಮಾನ್ಯರೇ.

"ನಾಣ್ಯದ ಪರೀಕ್ಷೆ ಆಯ್ತು," ಎಂದ ಲೆನರ್ಡ್. "ನಾಣ್ಯನೆಲ್ಲ ವಾಪಸ್ ತೆಗ್ದು ಜೇಬಿಗೆ ಹಾಕ್ಕೊಂಡ. ಸೆಸಿಲ್ ಬಿಡ್ತಾನಾ? ಆಮೇಲೆ ಚಿನ್ನದ ಪರೀಕ್ಷೆ ಅಂದ. ಚಿನ್ನ ಎಲ್ಲಿಂದ ತರೋದು? ಬೆರಳಿಂದ ಮದುವೆ ಉಂಗುರ ಬಿಚ್ದ. ಕೊಳದ ಕಡೆ ಕಟ್ಟಕಡೇದರ ಕೆಳಗೆ ಹೂತ. ಯಂತ್ರ ತರೋಕೆ ಅಂತ ವ್ಯಾನ್ ಹತ್ರ ಹೋಗಿ ತಿರುಗಿ ನೋಡ್ತೀವಿ, ಹಿಲ್ಡಾಳ ಅಪ್ಪನ ಹೋರಿಗಳು ಒಳಗೆ ನುಗ್ಗಿ ಗೂಟಗಳ ಮೇಲೆ ಕುಣೀತಾ ಇವೆ!"

"ಗೇಟು ಯಾರು ತೆಗ್ದಿದ್ದು?"

"ಇನ್ಯಾರು? ಅಧ್ಯಕ್ಷರು."

ಗೇಟು ಹಾಕಲು ಮರೆತೆನೆಂದು ರೈತನಿಗೆ ಹೇಳಿದರೆ ಆ ಹೊಲವೇ ಕೈಬಿಟ್ಟುಹೋಗುತ್ತದೆ. ಅಧ್ಯಕ್ಷನ ಮಾನವೂ ಹೋಗುತ್ತದೆ. ಇಬ್ಬರೂ ಬಾಯಿ ಬಿಡುವುದಿಲ್ಲವೆಂದು ಮಾತು ಕೊಟ್ಟುಕೊಂಡರು. ಗೂಟಗಳು ಮುರಿದ ಮೇಲೆ ಯಾವುದು ಎಲ್ಲಿದೆಯೆಂಬ ಗುರುತೇ ಉಳಿಯಲಿಲ್ಲ, ಆಗಿನ ಯಂತ್ರಗಳಿಗೋ ಮೊಳೆಯೂ ಒಂದೇ, ನೇಗಿಲೂ ಒಂದೇ. ಸೆಸಿಲ್ ಕೈಲಾಗುವಷ್ಟು ದಿನ ಆ ಮೂಲೆಯಲ್ಲಿ ಹುಡುಕಿದ. ರೋಮನ್ನರನ್ನು ಹುಡುಕುತ್ತಿದ್ದಾನೆಂದು ನಾವೆಲ್ಲ ಅವನ ಛಲವನ್ನು ಹೊಗಳುತ್ತಿದ್ದೆವು.

"ಕಬ್ಬಿಣದ ಪಕ್ಕದ ಚಿನ್ನ ಯಂತ್ರಕ್ಕೆ ಕೇಳಿಸುತ್ತಾ ಅನ್ನೋದಲ್ವಾ ಪರೀಕ್ಷೆ?" ಎಂದ ಲೆನರ್ಡ್. "ಉತ್ತರ ಸಿಕ್ತು. ಕೇಳಿಸಲ್ಲ."

ನಾನು ಅಲ್ಲೇ ಲೆನರ್ಡನ ಹೇಳಿಕೆ ಬರೆಸಿಕೊಂಡು ಮರುದಿನ ತಮ್ಮಲ್ಲಿಗೆ ಓಡಿಬಂದೆ. ನಮ್ಮಿಬ್ಬರ ಸಂಭಾಷಣೆ ಓದುಗರಿಗೂ ತಿಳಿಯಲಿ.

"ಬಾಯಿಮಾತು ಪುರಾವೆ ಆಗಲ್ಲ ಮೇಡಂ."

"ಪುರಾವೆ ನೆಲದಲ್ಲಿದೆ. ಅಗೆದು ನೋಡಿ."

"ಅಲ್ಲಿ ಅಗೆಯೋ ಹಾಗಿಲ್ಲ."

"ಯಾಕೆ?"

"ಅದು ಧಾರ್ಮಿಕ ಸ್ಥಳ ಅಂತ ದಾಖಲಾಗಿದೆ."

"ಅಲ್ಲ ಅಂತ ತೋರ್ಸೋಕೇ ಅಗೀಬೇಕು ಅಂತಿದೀನಿ ಕಣ್ರೀ!"

"ಪುರಾವೆ ತನ್ನಿ, ಪರಿಶೀಲಿಸೋಣ."

ಹೊರಗೆ ಬಂದಾಗ ನನಗೆ ತಲೆ ತಿರುಗುತ್ತಿತ್ತು. ತಮಗೆ ತಿರುಗುವುದಿಲ್ಲವೇ? ಅಭ್ಯಾಸವಾಗಿರಬೇಕು.

ಇದನ್ನೆಲ್ಲ ಪತ್ರಿಕೆಗೆ ಬರೆಯುವ ಮುನ್ನ ಒಬ್ಬರನ್ನು ಕೇಳಬೇಕಿತ್ತು. ಸೆಸಿಲ್ಲನ ಹೆಂಡತಿ ಡಾರ್ಕಸ್ ವೃದ್ಧಾಶ್ರಮದಲ್ಲಿದ್ದಾಳೆ, ಬುದ್ಧಿ ಕತ್ತರಿಯಷ್ಟು ಚುರುಕು. ಉಂಗುರ ಸಮುದ್ರಸ್ನಾನದಲ್ಲಿ ಜಾರಿಹೋಯಿತೆಂದು ಸೆಸಿಲ್ ಅವಳಿಗೆ ಹೇಳಿದ್ದ. ನಾನು ಅಳುಕುತ್ತ ನಿಜ ಹೇಳಿದೆ. ಅವಳು ಬಿಸ್ಕತ್ತನ್ನು ಟೀಯಲ್ಲಿ ಅದ್ದಿಕೊಂಡು ಕೇಳಿಸಿಕೊಂಡಳು.

"ಆ ಮನುಷ್ಯ ನೀರು ಮೊಣಕಾಲಿಗೆ ಬಂದ್ರೆ ಕಿರಿಚೋನು, ಸಮುದ್ರದಲ್ಲಿ ಎಲ್ಲಿ ಕಳ್ಕೋತಾನೆ? ಉಂಗುರ ಕಳ್ಕೊಂಡ ಗಂಡಸು ಭಾನುವಾರ ಭಾನುವಾರ ಒಂದೇ ಹೊಲಕ್ಕೆ ಹೋಗ್ತಾನೆ ಅಂದ್ರೆ, ಒಂದೋ ಅಲ್ಲಿ ಉಂಗುರ ಇದೆ, ಇಲ್ಲ ಅಲ್ಲೊಬ್ಬ ಹೆಂಗಸಿದಾಳೆ. ಹಿಲ್ಡಾಳ ಅಮ್ಮನ್ನ ನಾನು ನೋಡಿದ್ದೆ. ಆ ಚಿಂತೆ ಬಿಟ್ಟೆ."

"ಪೇಪರ್‌ಗೆ ಬರೀಲಾ ಡಾರ್ಕಸ್? ಊರೆಲ್ಲ ನಗುತ್ತೆ."

"ಬರಿ. ಪೂರ್ತಿ ಬರಿ. ಗೇಟಿನ ವಿಷಯಾನೂ ಬರಿ." ಇನ್ನೊಂದು ಬಿಸ್ಕತ್ತು ಎತ್ತಿಕೊಂಡಳು. "ಹಿಲ್ಡಾಗೆ ಕೊಟ್ಟಿಗೆ ಆಗ್ಲಿ. ಕುರಿಮರಿಗಳೇನು ಪಾಪ ಮಾಡಿದ್ವು? ಒಳಗಡೆ ಸಿ ಮತ್ತು ಡಿ ಅಂತ ಕೆತ್ತಿದೆ, ಸಿ ಸ್ವಲ್ಪ ಸೊಟ್ಟ. ಸಿಕ್ಕಿದ್ರೆ ಆಮೇಲೆ ನನಗೆ ತಂದ್ಕೊಡು."

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಕುರಿಗಳು ಈಯುವ ಮೊದಲು, ನೆಲದ ಹೆಪ್ಪು ಕರಗಿದ ಕೂಡಲೇ, ತಾವೇ ಸ್ವತಃ ಬನ್ನಿ. ತಮ್ಮದೇ ಕುಂಚ, ತಮ್ಮದೇ ಕರಣೆ ತನ್ನಿ. ನಾನು ಒಂದು ಹುಲ್ಲುಕಡ್ಡಿಯನ್ನೂ ಮುಟ್ಟುವುದಿಲ್ಲ, ಗೇಟಿನ ಹೊರಗೇ ಇರುತ್ತೇನೆ. ಹೇಗೂ ನನಗೆ ಒಳಗೆ ಪ್ರವೇಶವಿಲ್ಲ. ಕೊಳದ ಕಡೆಯ ಕಟ್ಟಕಡೆಯ ಕಬ್ಬಿಣವನ್ನು ಎತ್ತಿ ಕೆಳಗೆ ನೋಡಿ. ಏನೂ ಸಿಗದಿದ್ದರೆ ಇದೇ ಪತ್ರಿಕೆಯಲ್ಲಿ ತಮ್ಮ ಕ್ಷಮೆ ಕೇಳಿ, ತಮ್ಮ ಹುಲ್ಲೆತ್ತುವ ದೇವರಿಗೆ ಮೊದಲ ಭಕ್ತೆಯಾಗುತ್ತೇನೆ. ಉಂಗುರ ಸಿಕ್ಕರೆ ಅದೇ ದಿನ ಆ ಕೆಂಪು ಚುಕ್ಕೆಯನ್ನು ಅಳಿಸಿ, ಹಿಲ್ಡಾಳ ಬಾಗಿಲು ತಟ್ಟಿ, ಕೊಟ್ಟಿಗೆ ಕಟ್ಟಿಕೊಳ್ಳಮ್ಮ ಎಂದು ತಮ್ಮ ಬಾಯಿಂದಲೇ ಹೇಳಿ ಹೋಗಬೇಕು.

ಉಂಗುರವನ್ನು ದಾಖಲಿಸುವಾಗ ಮಾತ್ರ ತಮ್ಮ ಇಷ್ಟದ ಪದವನ್ನೇ ಬಳಸಿ, ನನ್ನ ತಕರಾರಿಲ್ಲ. ಸ್ಕೆಲ್ಬಿಯ ಪ್ರಾರ್ಥನಾ ಮಂದಿರದಲ್ಲಿ, ಪಾದ್ರಿಗಳ ಎದುರು, ಊರಿನವರು ಸುತ್ತ ನಿಂತಿರುವಾಗ ಡಾರ್ಕಸ್ ಅದನ್ನು ಅವನ ಬೆರಳಿಗೆ ತೊಡಿಸಿದ್ದಳು. ಧಾರ್ಮಿಕ ಬಳಕೆ ಎಂದೇ ಬರೆಯಿರಿ. ಈ ಸಲ "ಬಹುಶಃ" ಬೇಡ.

ಇಂತಿ,
ತಮ್ಮ ದೇವರ ದಯೆಯಿಂದ ಗೇಟಿನ ಹೊರಗುಳಿದಿರುವ,
ಮಾವಿಸ್ ಲೆಗೆಟ್
ಸ್ಕೆಲ್ಬಿ