ಹೆಸರು ಹೇಳಬಾರದ ಬೇರು

ಬಂದ್ಯೋಡು
12 ನವೆಂಬರ್ 2024

ಪ್ರೀತಿಯ ಸತ್ಯಕ್ಕಾ,

ಹೇಗಿದ್ದೀ? ಮೊಣಗಂಟಿನ ನೋವು ಹೇಗುಂಟು? ರಾತ್ರಿ ನಿದ್ದೆ ಬರುತ್ತದಾ? ಇಲ್ಲಿ ನಾವೆಲ್ಲ ಸೌಖ್ಯ. ಫೋನಿನಲ್ಲಿ ನೀನು ಕುಡಿಯುವ ಬೇರಿನ ಸುದ್ದಿ ಎತ್ತಿದರೆ ಸಾಕು, ನೀನು ಕಟ್ ಮಾಡುತ್ತೀ. ಅದಕ್ಕೇ ನಾಳೆ ಅಬುಧಾಬಿಗೆ ಹೊರಟಿರುವ ನೆರೆಮನೆಯ ತಂಸೀರನ ಕೈಯಲ್ಲಿ ಈ ಕಾಗದ.

ನಿಮ್ಮ ಎದುರಿನ ಫ್ಲ್ಯಾಟಿನ ಕೊರಿಯದ ಅಜ್ಜಿಯ ಸುದ್ದಿ ಕೇಳಿದಂದಿನಿಂದ ನನಗೆ ಅದೇ ಯೋಚನೆ. ಮಗನ ಸಂಸಾರದ ಜೊತೆ ಬಂದವಳು ಪೆಟ್ಟಿಗೆ ತುಂಬ ಊರಿನ ಬೇರುಗಳನ್ನೇ ತಂದಿದ್ದಾಳಲ್ಲ! ಆ ಜಿನ್ಸೆಂಗ್ ಕಷಾಯ ಕಹಿಯಾ, ಒಗರಾ? ಅವರಲ್ಲೂ ಪಥ್ಯ ಉಂಟಾ? ಸೊಂಟಕ್ಕೆ ಸೂಜಿ ಚುಚ್ಚಿಸಿಕೊಳ್ಳುತ್ತಾಳೆ ಅಂದೆಯಲ್ಲ, ಚುಚ್ಚುವಾಗ ನೋಯುವುದಿಲ್ಲವಾ? ಭಾಷೆ ಬಾರದ ನೀವಿಬ್ಬರು ಮೊಣಗಂಟು ತೋರಿಸಿ ತೋರಿಸಿ ಮಾತಾಡುವುದನ್ನು ನೆನೆಸಿ ಒಬ್ಬಳೇ ನಗುತ್ತೇನೆ. ಡಾಕ್ಟರಿಗೆ ಗೊತ್ತುಂಟಾ ಎಂದು ನೀನು ಸನ್ನೆಯಲ್ಲಿ ಕೇಳಿದರೆ ಅವಳು ಬಾಯಿಗೆ ಬೆರಳಿಟ್ಟು ತೋರಿಸಿದಳಂತೆ. ಬೈಯುತ್ತಾರೆಂಬ ಹೆದರಿಕೆ, ಪಾಪ.

ನಿನ್ನದು ಬೇರೆ ಕಥೆ. ಬಾಯಾರು ಊರಿನ ನಾಟಿ ಮದ್ದಿನ ಕಿಟ್ಟಣ್ಣ ಬೇರು ಕೊಡುವಾಗ, "ಇದನ್ನು ಯಾರ ಹತ್ರವೂ ಹೇಳ್ಬಾರ್ದು, ಹೇಳಿದ್ರೆ ಮದ್ದು ತಾಗುದಿಲ್ಲ" ಎಂದಿದ್ದರು. ಬೇರೆ ಎಂತಾದರೂ ಕುಡಿಯುತ್ತೀರಾ ಎಂದು ಅಲ್ಲಿನ ಡಾಕ್ಟರು ಕೇಳಿದರೆ ನೀನು ಇಲ್ಲ ಎಂದೆ! ಮೊನ್ನೆ ಹಲ್ಲುಜ್ಜಿದರೆ ವಸಡಿನ ರಕ್ತ ನಿಲ್ಲುವುದೇ ಇಲ್ಲ ಎಂದು ನೀನು ನಗುತ್ತಾ ಹೇಳಿದೆ. ನನಗೆ ನಗು ಬರಲಿಲ್ಲ. ಮೆಡಿಕಲ್ ಶಾಪಿನ ಶಹನಾಝಳಲ್ಲಿ ಕೇಳಿದೆ. ಹೃದಯಕ್ಕೆಂದು ನೀನು ನುಂಗುತ್ತೀಯಲ್ಲ, ರಕ್ತ ತೆಳು ಮಾಡುವ ಮಾತ್ರೆ, ಅದರ ಜೊತೆ ಕೆಲವು ಬೇರು ಸೇರಿದರೆ ರಕ್ತ ನಿಲ್ಲುವುದು ಕಷ್ಟವಂತೆ. ಕೊಯ್ಯುವ ಮೊದಲು ಡಾಕ್ಟರಿಗೆ ಗೊತ್ತಾಗಲೇಬೇಕಂತೆ. ಬರುವ ವಾರವೇ ನಿನ್ನ ಮೊಣಗಂಟಿನ ಆಪರೇಶನ್. ನನಗೆ ಹೆದರಿಕೆಯಾಗುತ್ತದೆ ಅಕ್ಕಾ. ನೀನಾಗಿ ಹೇಳದಿದ್ದರೆ ನಿನ್ನ ಮಗ ಕುಶಲನಿಗೆ ನಾನೇ ಹೇಳುವವಳು, ಆಮೇಲೆ ನನ್ನ ಮೇಲೆ ಹಾರಬೇಡ. ಡಾಕ್ಟರ ಹತ್ರ ಹೋಗುವಾಗ ಆ ಅಜ್ಜಿಯನ್ನೂ ಕರೆದುಕೊಂಡು ಹೋಗು, ಅವಳ ಬೇರಿನ ಸಂಗತಿಯೂ ಹೊರಗೆ ಬರಲಿ.

ಕುಶಲನಿಗೂ ಸೊಸೆಗೂ ನನ್ನ ಆಶೀರ್ವಾದ, ನಿನ್ನ ಕಾಲಿಗೆ ಇಲ್ಲಿಂದಲೇ ನಮಸ್ಕಾರ.

ನಿನ್ನ ತಂಗಿ,
ರಾಜೀವಿ

ತಾ.ಕ.: ಕಾಗದ ಮುಗಿಸಿದರೂ ಮನಸ್ಸು ಕೇಳಲಿಲ್ಲ, ಬಾಯಾರಿಗೆ ಹೋಗಿ ಬಂದೆ. ತಂಸೀರ್ ಬಾಗಿಲಲ್ಲೇ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನಿನ್ನ ವಸಡಿನ ರಕ್ತದ ಸಂಗತಿ ಕಿಟ್ಟಣ್ಣನಿಗೆ ಹೇಳಿದೆ. ಹೆಂಡತಿಗೂ ಹೇಳದ ಆ ಬೇರಿನ ಹೆಸರನ್ನು ಬೇಕಾದರೆ ತಾನೇ ಫೋನಿನಲ್ಲಿ ಡಾಕ್ಟರಿಗೆ ಹೇಳುತ್ತಾರಂತೆ. "ಮದ್ದು ಕೆಟ್ರೆ ಕೆಡ್ಲಿ ಮಾರಾಯ್ತಿ, ಅವಳು ಉಳೀಲಿ" ಎಂದರು.