ನಂಬಲಾಗದ ಸೊನ್ನೆ

೧೪ ನವೆಂಬರ್, ಶುಕ್ರವಾರ

ಇವಾನ್‌ಗೆ ಸ್ವಲ್ಪ ಹೊತ್ತು ತಡೆಯಲಿಕ್ಕೆ ಏನಾಗಿತ್ತು? ನನ್ನ ರಕ್ತಪರೀಕ್ಷೆಯಲ್ಲಿ ಕ್ಯಾನ್ಸರಿನ ಗುರುತು ಸೊನ್ನೆ ಎಂದು ಕಂಡದ್ದೇ, ಡಾಕ್ಟರನ್ನು ನೋಡುವ ಮೊದಲೇ, ಮಣಿಪಾಲದಿಂದ ತನ್ನ ತಾಯಿಗೆ ಫೋನ್ ಮಾಡಿಬಿಟ್ಟ. ಡಾಕ್ಟರು ಹೇಳಿದ್ದು ಬೇರೆ. ನನ್ನ ರಕ್ತದಲ್ಲಿ ಆ್ಯಂಟಿಬಾಡಿ ಹೆಚ್ಚಿರುವುದರಿಂದ ಆ ಸೊನ್ನೆಯನ್ನು ನಂಬುವಂತಿಲ್ಲ. ಥೈರಾಯ್ಡಿನ ಕ್ಯಾನ್ಸರ್ ಪೂರ್ತಿ ಹೋಗಿರಬಹುದು, ಎಲ್ಲಾದರೂ ಉಳಿದಿರಲೂಬಹುದು. ಆರು ತಿಂಗಳು ಬಿಟ್ಟು ಪುನಃ ನೋಡಬೇಕಂತೆ.

ನಾವು ಉದ್ಯಾವರ ಮುಟ್ಟುವಾಗ ಅತ್ತೆ ಇಗರ್ಜಿಗೆ ಹೋಗಿ, ಪಾದ್ರಿಗಳ ಹತ್ತಿರ ಆದಿತ್ಯವಾರಕ್ಕೆ ನನ್ನ ಹೆಸರಿನಲ್ಲಿ ಕೃತಜ್ಞತೆಯ ಪೂಜೆ ಬರೆಸಿ ಆಗಿತ್ತು.

"ಮಾಂಯ್, ಅದನ್ನು ಕಾಯಿಲೆಯವರಿಗಾಗಿ ಪೂಜೆ ಅಂತ ಬದಲಾಯಿಸಲಿಕ್ಕೆ ಆಗ್ತದಾ?" ಎಂದು ಕೇಳಿದೆ.

"ಎಂತ ಹೇಳುವುದು ನೀನು? ಗುಣ ಆಯ್ತು ಅಂತ ಥ್ಯಾಂಕ್ಸ್ ಹೇಳಿ, ಪುನಃ ಗುಣ ಮಾಡು ಅಂತ ಕೇಳಿದರೆ ದೇವರು ಎಂತ ಗ್ರಹಿಸಿಯಾರು?"

ಇವಾನ್ ತಲೆ ಎತ್ತದೆ ಗಂಜಿ ಉಂಡ. ಡಾಕ್ಟರ ಮಾತು ಅವನ ಕಿವಿಗೂ ಬಿದ್ದಿದೆ.

ಅತ್ತೆ ತಮ್ಮ ಅಗಲದ ನೆಕ್ಲೇಸು ತೆಗೆದಿಟ್ಟಿದ್ದಾರೆ, ನನ್ನ ಕುತ್ತಿಗೆಯ ಆಪರೇಷನ್ ಗೆರೆ ಮುಚ್ಚುವುದಕ್ಕೆ. ಹಾಕಿ ನೋಡಿದೆ. ಸರಿಯಾಗಿ ಮುಚ್ಚುತ್ತದೆ, ಉಸಿರು ಕಟ್ಟಿದ ಹಾಗಾಗುತ್ತದೆ. ಅದನ್ನು ಹಾಕಿಕೊಂಡು ಮೊದಲ ಬೆಂಚಿನಲ್ಲಿ ಕೂರಬೇಕು. ಊರಿಡೀ ನನ್ನ ಪರವಾಗಿ ದೇವರಿಗೆ ವಂದಿಸುವಾಗ ನಾನೊಬ್ಬಳು ಕದ್ದು ಬೇಡಿಕೊಳ್ಳಬೇಕು.