ಅಳಲಾಗದ ರೋವರಿಗೆ ಒಂದು ಸುತ್ತಿನ ಬಿಸಿಲು

ಕಕ್ಷೆಯಿಂದ ಬಿಸಿಲು ಹಂಚುವ ಕಚೇರಿಯ ಮುಖ್ಯಾಧಿಕಾರಿಗಳೇ,

ಮಾನ್ಯರೇ, ನಮ್ಮ ಕೋರಿಕೆಯನ್ನು ತಾವು ತಳ್ಳಿಹಾಕಿದ ಕಾರಣ ಎಷ್ಟು ಸೊಗಸಾಗಿದೆಯೆಂದರೆ, ನಾಲ್ಕು ಜನರೂ ಓದಿ ಸಂತೋಷಪಡಲೆಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಚಂದ್ರನ ಮೇಲೆ, ಸೂರ್ಯ ಎಂದೂ ಇಣುಕದ ಗುಂಡಿಯೊಂದರಲ್ಲಿ, ನಮ್ಮ ರೋವರ್ ವಿದ್ಯುತ್ತಿಲ್ಲದೆ ಬಿದ್ದಿದೆ. ಅದರ ನೆತ್ತಿಯ ಮೇಲೆಯೇ ತಮ್ಮ ಸೌರವಿದ್ಯುತ್ ಉಪಗ್ರಹ ಹೊಟ್ಟೆ ತುಂಬ ಬಿಸಿಲು ಕುಡಿದು ಸುತ್ತುತ್ತಿದೆ. ಒಂದೇ ಒಂದು ಸುತ್ತಿನಲ್ಲಿ ಕಿರಣವನ್ನು ಕೆಳಗೆ ಬಿಟ್ಟರೆ ರೋವರ್ ಎದ್ದು ಕೂರುತ್ತದೆ. ಆದರೆ ನಿಯಮದ ಪ್ರಕಾರ ವಿದ್ಯುತ್ತನ್ನು ರೋವರ್ ತಾನೇ ಸಂದೇಶ ಕಳಿಸಿ ಕೇಳಬೇಕು. ಸಂದೇಶ ಕಳಿಸಲು ವಿದ್ಯುತ್ ಬೇಕು. ಬಾವಿಗೆ ಬಿದ್ದವನು ಮೇಲೆ ಬಂದು ಹಗ್ಗ ಕೇಳಲಿ ಎನ್ನುವ ಈ ಶಿಸ್ತಿಗೆ ಕೈ ಮುಗಿಯದೆ ಇರಲು ಯಾರಿಂದ ಸಾಧ್ಯ?

ನಾನೂ ಸಾಚಾ ಅಲ್ಲ. ಆ ರೋವರಿನ ಚಾಲಕಿ ನಾನೇ. ನನಗೆ ಸ್ಕೂಟರ್ ಓಡಿಸಲು ಬರುವುದಿಲ್ಲ. ಕಲಿಯಲು ಹೋಗಿ ನಮ್ಮ ಮನೆ ಗೇಟಿಗೇ ಗುದ್ದಿದ ಮೇಲೆ ಗಂಡನೇ ದಿನಾ ಕೆಲಸಕ್ಕೆ ಬಿಟ್ಟುಬರುತ್ತಾರೆ. "ಚಂದ್ರನ ಮೇಲೆ ಗೇಟುಗೀಟು ಏನೂ ಇಲ್ಲ ತಾನೆ?" ಎಂದು ಕೇಳದೆ ಒಂದು ದಿನವೂ ಹೊರಟವರಲ್ಲ. ಇಂಥವಳ ಕೈಗೆ ಸಿಕ್ಕ ರೋವರ್ ಒಂದು ಚಕ್ರ ಎಳೆದುಕೊಂಡು ನಡೆಯುವುದರಲ್ಲಿ ಆಶ್ಚರ್ಯವೇನಿದೆ? ನಾವೆಲ್ಲ ಅವನನ್ನು ಕುಂಟಪ್ಪ ಎನ್ನುತ್ತೇವೆ.

ಕುಂಟಪ್ಪ ಮಂಜುಗಡ್ಡೆ ಹುಡುಕಿ ನೆಲ ಕೊರೆಯುತ್ತಿದ್ದ. ಕೊರೆಯುವಾಗ ತಮ್ಮ ಉಪಗ್ರಹವನ್ನು ಕರೆಯುವ ಆಂಟೆನಾ ಮಡಚಿಟ್ಟಿರಬೇಕು; ಕೊರೆತ ನಿಲ್ಲಿಸದೆ ವಿದ್ಯುತ್ ಕೇಳುವಂತಿಲ್ಲ. ತೂತಿನಿಂದ ಬಂದ ಪುಡಿ ಅವನ ದೀಪಕ್ಕೆ ಬೆಳ್ಳಗೆ ಹೊಳೆಯಿತು. ಇಲ್ಲಿ ನನ್ನ ಪಕ್ಕದಲ್ಲಿ ಕೂತು ಅವನ ಬ್ಯಾಟರಿ ನೋಡಿಕೊಳ್ಳುವವರು, "ಮೇಡಂ, ಸಾಕು, ನಿಲ್ಸಿ, ಕರೆಂಟ್ ಕೇಳೋಣ" ಅಂದರು. "ತಡೀರಿ, ಇನ್ನೊಂದೇ ಒಂದು ಚೂರು ಇಳಿಸ್ತೀನಿ" ಅಂದೆ. ಅತಿಯಾಸೆ ಗತಿಗೇಡು ಎಂದು ಶಾಲೆಯಲ್ಲಿ ಬೋರ್ಡಿನ ಮೇಲೆ ಬರೆದವಳೂ ನಾನೇ. ಡ್ರಿಲ್ ಸಿಕ್ಕಿಕೊಂಡಿತು. ಬಿಡಿಸುವಷ್ಟರಲ್ಲಿ ಕುಂಟಪ್ಪ, ಆ ಬಿಳಿ ಪುಡಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು, ಮಲಗಿಬಿಟ್ಟ. ಚಳಿಗೆ ಅವನ ಬ್ಯಾಟರಿ ಪೂರ್ತಿ ಹೆಪ್ಪುಗಟ್ಟಿದರೆ ಮತ್ತೆ ಏಳುವುದಿಲ್ಲ.

ಫೋನಿನಲ್ಲಿ ತಾವು ಅಪ್ಪಣೆ ಕೊಡಿಸಿದ ಮಾತು ನೆನಪಿದೆಯೇ? "ಅಳದಿದ್ದರೆ ತಾಯಿನೂ ಹಾಲು ಕೊಡಲ್ಲ ಕಣಮ್ಮ." ಗಾದೆ ಕೇಳಿ ನಾನು ಬೆಪ್ಪಾಗಿ "ಹೌದು ಸಾರ್" ಅಂದುಬಿಟ್ಟೆ. ಮನೆಗೆ ಬಂದು ಹೇಳಿದಾಗ ಬಟ್ಟೆ ಮಡಚುತ್ತಿದ್ದ ಅಮ್ಮನ ಕೈ ನಿಂತಿತು.

"ಯಾರೇ ಹಾಗಂದಿದ್ದು? ಏಳನೇ ತಿಂಗಳಿಗೇ ಹುಟ್ಟಿದೋಳು ನೀನು. ಅಳೋಕೂ ತ್ರಾಣ ಇರ್ಲಿಲ್ಲ. ಅಳ್ಲಿ ಅಂತ ಕಾದಿದ್ರೆ ನೀನೆಲ್ಲಿರ್ತಿದ್ದೆ? ಹತ್ತೀಲಿ ಅದ್ದಿ ಅದ್ದಿ ತುಟಿಗೆ ಹನಿ ಬಿಟ್ಟೆ. ಅಳದೇ ಇರೋ ಮಗೂನೇ ಮೊದ್ಲು ಎತ್ಕೋಬೇಕು ಕಣೇ."

"ಆಗ ಉಳಿಸಿದ್ದನ್ನೆಲ್ಲ ಈಗ ಅಳ್ತಿದ್ದಾಳೆ, ಅತ್ತೆ" ಎಂದರು ನನ್ನ ಗಂಡ. ಎಲ್ಲರೂ ನಕ್ಕರು. ನಾನು ನಕ್ಕು, ಒಳಗೆ ಹೋಗಿ, ಅವರ ಮಾತನ್ನು ನಿಜ ಮಾಡಿದೆ. ಯಂತ್ರಕ್ಕಾಗಿ ಅಳುವ ಹೆಂಗಸನ್ನು ನೋಡಿ ತಾವೂ ನಗಬಹುದು, ನನ್ನದೇನೂ ಅಡ್ಡಿಯಿಲ್ಲ.

ಆದರೆ ನಕ್ಕಾದ ಮೇಲೆ ಕಿರಣ ಬಿಡಿ. ಅವನು ಎಲ್ಲಿದ್ದಾನೆಂದು ನಮಗೆ ಕರಾರುವಾಕ್ಕಾಗಿ ಗೊತ್ತು. ಕೇಳಲಾಗದ ರೋವರಿನ ಪರವಾಗಿ ಅದರ ಚಾಲಕರು ಕೇಳಬಹುದು ಎಂದು ನಿಯಮ ತಿದ್ದಿ. ತಿದ್ದುಪಡಿಗೆ ಸಭೆ ಸೇರಬೇಕಾದರೆ ನಿಧಾನವಾಗಿ ಸೇರಿ. ಬಿಸಿಲನ್ನು ಮಾತ್ರ ಇವತ್ತೇ ಕೊಡಿ. ನಿಯಮ ಮುರಿಯುವ ಭಯವೂ ಬೇಡ. ಎಚ್ಚರವಾದ ಕೂಡಲೇ ಕುಂಟಪ್ಪ ಮೊದಲು ಮಾಡುವ ಕೆಲಸ ಆಂಟೆನಾ ಬಿಚ್ಚಿ ತಮ್ಮಲ್ಲಿ ವಿದ್ಯುತ್ ಕೇಳುವುದೇ. ಹಾಗೆಂದು ಅವನಿಗೆ ಕಲಿಸಿದ್ದೇವೆ. ಅವನ ಅಳು ತಮಗೆ ಖಂಡಿತ ತಲುಪುತ್ತದೆ, ಹಾಲು ಕುಡಿದ ಮೇಲೆ.

ಇಂತಿ,
ಅಳದೆ ಹುಟ್ಟಿಯೂ ಬದುಕಿಕೊಂಡ,
ಸ್ಕೂಟರ್ ಬಾರದ ಚಂದ್ರಚಾಲಕಿ